ಮೊಣಕಾಲು ನೋವಿಲ್ಲದ ಬೊಂಬೆಗಳು

ಮಾರ್ಚ್ 3, ಸೋಮವಾರ

ಅಕ್ಕ ಬಂದು ಒಕ್ಕರಿಸಿದಳು. ಒಡಹುಟ್ಟಿದವಳ ಬಗ್ಗೆ ಹೀಗೆ ಬರೆಯಬಾರದು, ಗೊತ್ತು. ಆದರೆ ಇದನ್ನು ಓದುವವನು ನಾನೊಬ್ಬನೇ. ನನ್ನ ಮುಂದೆ ನಾನೇ ನಾಟಕ ಆಡುವುದು ಯಾವ ಪುರುಷಾರ್ಥಕ್ಕೆ? ಒಕ್ಕರಿಸಿದಳು. ಜೊತೆಗೆ ಎರಡು ಸೂಟ್‌ಕೇಸು, ಒಂದು ಬಟ್ಟೆಗಂಟು, ಒಂದು ಊರುಗೋಲು.

ಅವಳು ಟೈಲರ್. ಮನೆಯೂ ಅಂಗಡಿಯೂ ಒಂದೇ ಕಡೆ, ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಬಲ ಮೊಣಕಾಲು ಸವೆದುಹೋಗಿ ಮೆಟ್ಟಿಲು ಹತ್ತುವುದು ಹಾಗಿರಲಿ, ಹೊಲಿಗೆ ಮೆಷಿನ್ ತುಳಿಯುವುದಕ್ಕೂ ಆಗುತ್ತಿಲ್ಲ. ಮೋಟಾರ್ ಹಾಕಿಸಿಕೋ ಎಂದರೆ, ಮೋಟಾರು ಹೊಲಿಯುವುದಿಲ್ಲ, ಬಟ್ಟೆಯನ್ನು ಅಟ್ಟಿಸಿಕೊಂಡು ಹೋಗುತ್ತದೆ ಅನ್ನುತ್ತಾಳೆ. ಮೊಣಕಾಲು ಬದಲಿಸಬೇಕು, ಬೇರೆ ದಾರಿ ಇಲ್ಲ. ಅಲ್ಲಿಯವರೆಗೆ ನನ್ನ ನೆಲಮಹಡಿಯ ಮನೆಯೇ ಅವಳಿಗೆ ಗತಿ.

ಮೂಳೆ ಆಸ್ಪತ್ರೆಯವರು ಆರು ತಿಂಗಳಿಗೊಮ್ಮೆ ಆಪರೇಷನ್ನಿನ ದಿನಗಳನ್ನು ವೆಬ್‌ಸೈಟಿನಲ್ಲಿ ಬಿಡುತ್ತಾರೆ. ಈ ಸಲ ಇದೇ ಇಪ್ಪತ್ತನಾಲ್ಕರ ಬೆಳಿಗ್ಗೆ. ಇರುವುದು ಮುನ್ನೂರು ಜಾಗ, ಬೇಕಾದವರು ಸಾವಿರಾರು. ತಪ್ಪಿದರೆ ಮತ್ತೆ ಆರು ತಿಂಗಳು. ತಮಾಷೆಯೆಂದರೆ ಆ ವೆಬ್‌ಸೈಟ್ ಕಟ್ಟಿದ್ದು ನಮ್ಮ ಆಫೀಸು. ಹೋದ ಸಲ ಅದು ಜನ ನುಗ್ಗಿದ ಭಾರಕ್ಕೆ ಮಕಾಡೆ ಮಲಗಿತು. ಆಮೇಲೆಯೇ ಆಫೀಸು ನಡೆಸುವ ಮೇಡಂ ನನ್ನನ್ನು ಕೆಲಸಕ್ಕೆ ಕರೆದದ್ದು. ಇನ್ನೊಮ್ಮೆ ಮಲಗಿದರೆ ಆಸ್ಪತ್ರೆಯವರು ನಮಗೆ ದೊಡ್ಡ ನಮಸ್ಕಾರ ಹಾಕುತ್ತಾರಂತೆ.

ಆದ್ದರಿಂದ ಅದು ನಿಲ್ಲಬೇಕು, ಅಕ್ಕನಿಗೆ ದಿನ ಸಿಗಬೇಕು, ಅವಳು ತನ್ನ ಮನೆಗೆ ಹೋಗಬೇಕು. ಬಂದ ಸಂಜೆಯೇ ನನ್ನ ಟವೆಲುಗಳನ್ನೆಲ್ಲ ಬೇರೆ ಕಪಾಟಿಗೆ ಸಾಗಿಸಿದ್ದಾಳೆ.

ಮಾರ್ಚ್ 4, ಮಂಗಳವಾರ

ನನ್ನ ಕೆಲಸ ಏನೆಂದು ಅಕ್ಕನಿಗೆ ವಿವರಿಸಬೇಕಾಯಿತು. ಇಷ್ಟು ವರ್ಷ ಅವಳು ನಾನು ಕಂಪ್ಯೂಟರ್ ರಿಪೇರಿಯವನು ಎಂದುಕೊಂಡಿದ್ದಳು. ಅದಲ್ಲ ಕಣಕ್ಕ, ಎಂದೆ. ಒಮ್ಮೆಗೇ ಸಾವಿರಾರು ಜನ ಬಂದರೆ ವೆಬ್‌ಸೈಟ್ ತಡೆದುಕೊಳ್ಳುತ್ತದೆಯೇ ಎಂದು ಮೊದಲೇ ನೋಡಬೇಕು. ಅಷ್ಟು ಜನರನ್ನು ಎಲ್ಲಿಂದ ತರುವುದು? ಅದಕ್ಕೇ ಬ್ರೌಸರನ್ನು ತಾನಾಗಿ ಓಡಿಸುವ ಸಾಧನಗಳಿವೆ. ನಾನು ಬರೆದುಕೊಟ್ಟ ಹಾಗೆ ಅವು ಪುಟ ತೆರೆಯುತ್ತವೆ, ಹೆಸರು ತುಂಬುತ್ತವೆ, ದಿನ ಆರಿಸುತ್ತವೆ, ಬಟನ್ ಒತ್ತುತ್ತವೆ. ಥೇಟ್ ಮನುಷ್ಯರ ಹಾಗೆ. ನಾನು ಅವನ್ನು ಬೊಂಬೆಗಳು ಎನ್ನುತ್ತೇನೆ.

ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನನ್ನ ಪರದೆಗಳ ಅಂಚು ಮಡಿಸುತ್ತಿದ್ದಳು. ಪರದೆಗೆ ಏನೂ ಆಗಿರಲಿಲ್ಲ. ಎಲ್ಲ ಕೇಳಿಸಿಕೊಂಡು, ಅಂದರೆ ಸುಳ್ಳು ಜನರನ್ನು ಸಾಲು ನಿಲ್ಲಿಸುವುದಕ್ಕೆ ನಿನಗೆ ಸಂಬಳ, ಎಂದಳು. ನನಗೆ ಮೈ ಉರಿಯಿತು. ಆದರೆ ಅದು ಸುಳ್ಳು ಎನ್ನುವ ಹಾಗೂ ಇರಲಿಲ್ಲ.

ಮಾರ್ಚ್ 6, ಗುರುವಾರ

ಮರ್ಯಾದೆ ಹೋಯಿತು. ಮುನ್ನೂರು ಬೊಂಬೆಗಳನ್ನು ಒಟ್ಟಿಗೆ ಬಿಟ್ಟೆ. ಒಂದೊಂದು ಪುಟ ತೆರೆಯುವುದಕ್ಕೂ ಯುಗ ಹಿಡಿಯಿತು. ವೆಬ್‌ಸೈಟ್ ಸತ್ತೇಹೋಯಿತು ಎಂದು ಆಫೀಸಿಗೆಲ್ಲ ಕೇಳುವಂತೆ ಸಾರಿದೆ. ಅದನ್ನು ಕಟ್ಟಿದ ಗಡ್ಡಪ್ಪ ಎದ್ದು ಬಂದ. (ಅವನ ಗಡ್ಡ ಅವನಿಗಿಂತ ಒಂದು ಹೆಜ್ಜೆ ಮುಂದೆ ಬರುತ್ತದೆ, ಅದಕ್ಕೇ ಆ ಹೆಸರು.) ಸರ್ವರ್ ನೋಡಿದ, ಅದು ಆರಾಮವಾಗಿ ಕಾಲು ಚಾಚಿ ಕುಳಿತಿತ್ತು. ಮೂರ್ಛೆ ಹೋಗಿದ್ದದ್ದು ನನ್ನ ಕಂಪ್ಯೂಟರು. ಒಂದೊಂದು ಬೊಂಬೆಗೂ ಒಂದೊಂದು ಪೂರ್ತಿ ಬ್ರೌಸರ್ ಬೇಕು, ಅಷ್ಟನ್ನೆಲ್ಲ ಒಂದೇ ಯಂತ್ರದ ತಲೆಮೇಲೆ ಹೇರಿದ್ದೆ.

ಗಡ್ಡಪ್ಪ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕ. ಮನೆಗೆ ಬಂದು ಅಕ್ಕನಿಗೆ ಹೇಳಿದರೆ ಅವಳೂ ನಕ್ಕಳು. ನಗುವುದಲ್ಲದೆ, ಫ್ಯಾನಿನ ಕೆಳಗೆ ಕೂತು ಬಿರುಗಾಳಿ ಬಂತು ಅಂದೆಯಲ್ಲೋ, ಎಂದು ಬೇರೆ ಸೇರಿಸಿದಳು. ನಾನೂ ನಕ್ಕುಬಿಟ್ಟೆ, ಏನು ಮಾಡುವುದು.

ಮಾರ್ಚ್ 11, ಮಂಗಳವಾರ

ಗೆದ್ದೆ. ಬೊಂಬೆಗಳನ್ನು ಹಲವು ಯಂತ್ರಗಳಿಗೆ ಹಂಚಿ, ಐದು ಸಾವಿರದವರೆಗೆ ಏರಿಸಿದೆ. ವೆಬ್‌ಸೈಟ್ ಅಲುಗಾಡಲಿಲ್ಲ. ಬೊಂಬೆಗಳು ಬಂದವು, ತುಂಬಿದವು, ಒತ್ತಿದವು, ಹೋದವು. ಎಲ್ಲ ಕೆಲಸ ಒಂದು ನಿಮಿಷದೊಳಗೆ. ಮೇಡಂ ಎಲ್ಲರಿಗೂ ಟೀ ತರಿಸಿದರು. ಗಡ್ಡಪ್ಪ ನನ್ನ ಬೆನ್ನು ತಟ್ಟಿದ, ಸ್ವಲ್ಪ ಜೋರಾಗಿಯೇ. ಇನ್ನು ಇಪ್ಪತ್ತನಾಲ್ಕಕ್ಕೆ ಹಾಯಾಗಿ ಕಾಲಮೇಲೆ ಕಾಲು ಹಾಕಿ ಕೂರಬಹುದು.

ಮಾರ್ಚ್ 12, ಬುಧವಾರ

ಕೂರುವ ಹಾಗಿಲ್ಲ. ಹೇಗಿದ್ದರೂ ರೂಢಿಯಾಗಲಿ ಎಂದು ಪರೀಕ್ಷೆಗೆ ಇಟ್ಟಿದ್ದ ವೆಬ್‌ಸೈಟನ್ನು ಇವತ್ತು ಅಕ್ಕನ ಮುಂದೆ ತೆರೆದಿಟ್ಟೆ. ಪಕ್ಕದಲ್ಲೇ ಕುಳಿತೆ. ಕೂರಬಾರದಿತ್ತು.

ಮೊದಲ ಪುಟದ ಸೂಚನೆಗಳನ್ನೆಲ್ಲ ಓದಿದಳು, ಗಟ್ಟಿಯಾಗಿ. ಅದನ್ನು ಈ ಭೂಮಿಯ ಮೇಲೆ ಇನ್ನಾರೂ ಓದಿರಲಾರರು, ಬರೆದವರೂ ಸೇರಿ. ಆಸ್ಪತ್ರೆಯ ಕಾರ್ಡಿನ ನಂಬರು ಕೇಳಿದಾಗ ಊರುಗೋಲು ಹಿಡಿದು ಎದ್ದು ಕಾರ್ಡು ತರಲು ಹೋದಳು. ಬಂದ ಮೇಲೆ ಕನ್ನಡಕ ಅಲ್ಲೇ ಬಿಟ್ಟದ್ದು ನೆನಪಾಯಿತು. ದಿನ ಆರಿಸಿ ಬಟನ್ ಒತ್ತಿದಳು. ಪುಟ ಅರೆಕ್ಷಣ ತಡವಾಯಿತು ನೋಡಿ, ಮತ್ತೆ ಒತ್ತಿದಳು, ಮತ್ತೂ ಒತ್ತಿದಳು, ಡೋರ್‌ಬೆಲ್ ಒತ್ತಿದ ಹಾಗೆ. ಇದು ಕೆಟ್ಟಿತು ಎಂದು ಪಕ್ಕದಲ್ಲಿ ಇನ್ನೊಂದು ತೆರೆದಳು. ಅಷ್ಟರಲ್ಲಿ ಅವಳಿಗೆಂದು ಮೂರು ನಿಮಿಷ ಹಿಡಿದಿಟ್ಟಿದ್ದ ಜಾಗದ ಅವಧಿ ಮುಗಿದು, ಮೊದಲಿನಿಂದ ಶುರುಮಾಡಿ ಎಂದು ಬಂತು. ಮೊದಲಿನಿಂದ ಎಂದರೆ ಅವಳಿಗೆ ಸೂಚನೆ ಓದುವುದರಿಂದ.

ನನ್ನ ತಾಳ್ಮೆ ಕೈಕೊಟ್ಟಿತು. ಇಷ್ಟೂ ಗೊತ್ತಾಗಲ್ವಾ, ನನ್ನ ಬೊಂಬೆಗಳು ಇದನ್ನು ಕಣ್ಣುಮುಚ್ಚಿ ಮಾಡುತ್ತವೆ ಎಂದು ರೇಗಿದೆ. ಅವಳಿಗೆ ಒಂಚೂರೂ ಬೇಜಾರಾದ ಹಾಗೆ ಕಾಣಲಿಲ್ಲ. ಮೊಣಕಾಲು ನೀವಿಕೊಳ್ಳುತ್ತಾ ಹೇಳಿದಳು:

"ನಿನ್ನ ಬೊಂಬೆಗಳಿಗೆ ಮೊಣಕಾಲು ನೋವಿಲ್ವಲ್ಲೋ. ನೋವಿಲ್ಲದವರು ಆಸ್ಪತ್ರೆಗೆ ಯಾಕೆ ಬರ್ತಾರೆ?"

ಊಟ ಮಾಡಿದೆ, ಪಾತ್ರೆ ತೊಳೆದೆ, ಆ ಮಾತು ತಲೆಯೊಳಗೆ ಕೊರೆಯುತ್ತಲೇ ಇದೆ.

ಮಾರ್ಚ್ 13, ಗುರುವಾರ

ಅವಳು ಹೇಳಿದ್ದು ಸರಿ. ನನ್ನ ಬೊಂಬೆಗಳೆಲ್ಲ ಇಪ್ಪತ್ತರ ಹರೆಯದವು. ಕನ್ನಡಕ ಹುಡುಕುವುದಿಲ್ಲ, ಅನುಮಾನ ಪಡುವುದಿಲ್ಲ, ಎರಡು ಸಲ ಒತ್ತುವುದಿಲ್ಲ. ಮೂಳೆ ಆಸ್ಪತ್ರೆಗೆ ಬರುವವರು ಯಾರು? ಅಕ್ಕಂದಿರು. ಐದು ಸಾವಿರ ಜನ ಅಕ್ಕಂದಿರು.

ಸಂಜೆ ಬೇಗ ಮನೆಗೆ ಬಂದೆ. ಮಾಹಿತಿ ಸಂಗ್ರಹಕ್ಕೆ. ಅಕ್ಕನನ್ನು ಮತ್ತೆ ಮತ್ತೆ ಕೂರಿಸಿ, ಎಲ್ಲಿ ನಿಲ್ಲುತ್ತಾಳೆ, ಎಲ್ಲಿ ತಡವರಿಸುತ್ತಾಳೆ, ಎಲ್ಲಿ ಹಿಂದಕ್ಕೆ ಹೋಗುತ್ತಾಳೆ, ಎಲ್ಲ ಗುರುತು ಹಾಕಿಕೊಂಡೆ. ಅವಳಿಗೆ ಒಳ್ಳೇ ಮೋಜು. ಈಗ ಸ್ವಲ್ಪ ಪೆದ್ದಿ ಹಾಗೆ ಮಾಡಲಾ ಎಂದು ಕೇಳುತ್ತಾಳೆ. ಬೇಡ, ಇದ್ದ ಹಾಗೇ ಇರು, ಸಾಕು ಎಂದೆ. ತಲೆಗೆ ಒಂದು ಮೊಟಕಿದಳು.

ಮಾರ್ಚ್ 14, ಶುಕ್ರವಾರ

ಹೊಸ ಬೊಂಬೆಗಳಿಗೆ ಅಕ್ಕ ಎಂದೇ ಹೆಸರಿಟ್ಟಿದ್ದೇನೆ. ಐದು ಸಾವಿರ ಬೇಡ, ಐನೂರು ಅಕ್ಕಂದಿರನ್ನು ಬಿಟ್ಟೆ. ವೆಬ್‌ಸೈಟ್ ಮಕಾಡೆ. ಒಬ್ಬೊಬ್ಬಳೂ ಹತ್ತು ಜನರ ಕೆಲಸ ಕೊಡುತ್ತಾಳೆ. ಒತ್ತಿದ ಬಟನ್ನನ್ನೇ ಒತ್ತಿ ಒತ್ತಿ ಸರ್ವರಿನ ಉಸಿರುಗಟ್ಟಿಸುತ್ತಾಳೆ. ಜಾಗ ಹಿಡಿದಿಟ್ಟು ಎದ್ದುಹೋಗುತ್ತಾಳೆ, ಅವಧಿ ಮುಗಿದರೆ ಮತ್ತೆ ಬಂದು ಸಾಲಿಗೆ ನಿಲ್ಲುತ್ತಾಳೆ.

ಗಡ್ಡಪ್ಪನ ಮುಖ ನೋಡಲಾಗಲಿಲ್ಲ. ಹೀಗೆಲ್ಲಾ ಯಾರು ಒತ್ತುತ್ತಾರೆ, ಬೇಕಂತಲೇ ಬೀಳಿಸಿದ್ದೀಯ ಎಂದು ಕಾಲು ಕೆರೆದು ಜಗಳಕ್ಕೆ ಬಂದ. ನಮ್ಮನೇಲಿ ಒಬ್ಬಳಿದ್ದಾಳೆ, ಬೇಕಾದರೆ ತೋರಿಸುತ್ತೇನೆ ಎಂದೆ. ಕರ್ಕೊಂಡು ಬಾ ಹಾಗಾದ್ರೆ ಎಂದ.

ಮಾರ್ಚ್ 17, ಸೋಮವಾರ

ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಬಟ್ಟೆ, ತಲೆಗೆ ಎಣ್ಣೆ, ಊರುಗೋಲಿಗೂ ಒರೆಸಿ ಹೊಳಪು. ಆಫೀಸಿನ ಕುರ್ಚಿಗಳು ತಗ್ಗು, ಅವಳಿಗೆ ಕೂತರೆ ಏಳಲಾಗುವುದಿಲ್ಲ. ಮೇಡಂ ಅವರ ಎತ್ತರದ ಕುರ್ಚಿಯನ್ನೇ ತಳ್ಳಿಕೊಂಡು ಬಂದೆ. ಮೇಡಂ ನಿಂತುಕೊಂಡೇ ನೋಡಿದರು.

ಅಕ್ಕ ಶುರುಮಾಡಿದಳು. ಸೂಚನೆ, ಗಟ್ಟಿಯಾಗಿ. ಗಡ್ಡಪ್ಪನಿಗೆ ಕೈ ತುರಿಸುತ್ತಿತ್ತು. ಮೌಸ್ ಕಿತ್ತುಕೊಂಡು ತಾನೇ ಒತ್ತಿಬಿಡಬೇಕು ಅನ್ನಿಸಿ ಎರಡು ಸಲ ಕೈ ಚಾಚಿದ, ಎರಡು ಸಲವೂ ನಾನು ಅವನ ಕೈ ಹಿಡಿದುಕೊಂಡೆ. ಬಟನ್ ಹತ್ತಿರ ಬಂದಾಗ ಅಕ್ಕ ಒಂದೇ ಸಮನೆ ಒತ್ತತೊಡಗಿದಳು. ಯಾಕೆ ಅಷ್ಟು ಸಲ ಒತ್ತುತ್ತೀರಿ ಎಂದು ಅವನು ತಡೆಯಲಾರದೆ ಕೇಳಿದ.

"ಕೇಳಿಸ್ತು ಅಂತ ಇದು ಹೇಳಲೇ ಇಲ್ವಲ್ಲಪ್ಪ," ಎಂದಳು ಅಕ್ಕ. "ಅಂಗಡಿಗೆ ಬಂದವರಿಗೆ ಕೈಯಲ್ಲಿ ಕೆಲಸ ಇದ್ರೂ ನಾನು 'ಕೂತ್ಕೊಳ್ಳಿ, ಬಂದೆ' ಅಂತೀನಿ. ಅಷ್ಟು ಅಂದ್ರೆ ಜನ ಕೂತ್ಕೋತಾರೆ."

ಗಡ್ಡಪ್ಪ ಗಡ್ಡ ಕೆರೆದುಕೊಂಡ. ಆಮೇಲೆ ಅವನೂ ಮೇಡಮ್ಮೂ ನಾನೂ ಒಂದು ತಾಸು ಕಿತ್ತಾಡಿದೆವು. ಒಮ್ಮೆ ಒತ್ತಿದ ಕೂಡಲೇ ಬಟನ್ ಮಂಕಾಗಿ, ತಲುಪಿತು, ಕಾಯಿರಿ ಎಂದು ಬರಬೇಕು. ಜನರನ್ನು ಒಮ್ಮೆಗೇ ಒಳಗೆ ಬಿಡದೆ ಸಾಲಿನಲ್ಲಿ ನಿಲ್ಲಿಸಿ, ಮುಂದೆ ಎಷ್ಟು ಜನ ಇದ್ದಾರೆ ಎಂದು ತೋರಿಸಬೇಕು. ಇವಕ್ಕೆ ಎಲ್ಲರೂ ಒಪ್ಪಿದರು. ಜಾಗ ಹಿಡಿದಿಡುವ ಅವಧಿಯನ್ನು ಮೂರು ನಿಮಿಷದಿಂದ ಹತ್ತಕ್ಕೆ ಏರಿಸಬೇಕು ಎಂದದ್ದಕ್ಕೆ ಮೇಡಂ ತಲೆ ಅಡ್ಡಡ್ಡ ಆಡಿಸಿದರು. ಹಿಂದಿನವರು ಸುಮ್ಮನೆ ಕಾಯಬೇಕಾಗುತ್ತದಲ್ಲ, ಎಂದರು. ನಾನು ಪಟ್ಟು ಬಿಡಲಿಲ್ಲ. ಮೂರು ನಿಮಿಷದಲ್ಲಿ ಅವಳಿಗೆ ಎದ್ದು ನಿಲ್ಲುವುದಕ್ಕೂ ಆಗುವುದಿಲ್ಲ ಮೇಡಂ, ಎಂದೆ. ನನ್ನ ದನಿ ಏರಿತ್ತು ಅಂತ ಕಾಣುತ್ತದೆ, ಎಲ್ಲರೂ ತಿರುಗಿ ನೋಡಿದರು. ಕೊನೆಗೆ ಒಪ್ಪಿದರು.

ದಾರಿಯಲ್ಲಿ ಒಂದು ಎತ್ತರದ ಕುರ್ಚಿ ಕೊಂಡೆ. ಪರೀಕ್ಷೆಗೆ ಅನುಕೂಲವಾಗುತ್ತದೆ.

ಮಾರ್ಚ್ 21, ಶುಕ್ರವಾರ

ಐದು ಸಾವಿರ ಅಕ್ಕಂದಿರು. ನಿಂತಿತು. ಬರೆಯಲೂ ತ್ರಾಣವಿಲ್ಲ.

ಸಂಜೆ ಹೊರಡುವಾಗ ಆಸ್ಪತ್ರೆಯವರು ಇನ್ನೊಂದು ಪ್ರಶ್ನೆ ಸೇರಿಸಿ ಎಂದು ಹೇಳಿ ಕಳಿಸಿದರಂತೆ. ಯಾವಾಗಲೂ ಹೀಗೇ, ಮೆರವಣಿಗೆ ಹೊರಟ ಮೇಲೆ ಚಪ್ಪಲಿ ಹುಡುಕುತ್ತಾರೆ. ಹೌದು ಅಥವಾ ಇಲ್ಲ, ಅಷ್ಟೇ ಉತ್ತರ. ಗಡ್ಡಪ್ಪ ಸೇರಿಸಿದ. ನಾನು ಪ್ರಶ್ನೆ ಪೂರ್ತಿ ಓದಲೂ ಇಲ್ಲ. ಹೌದು ಒತ್ತಿ ಎಂದು ಬೊಂಬೆಗಳಿಗೆ ಒಂದು ಸಾಲು ಬರೆದೆ, ಒತ್ತಿದವು.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಅಕ್ಕನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಕಾರ್ಡು, ಕನ್ನಡಕ, ನೀರು ಎಲ್ಲ ಕೈಗೆ ಎಟುಕುವಂತೆ ಇಟ್ಟು ಆಫೀಸಿಗೆ ಹೋದೆ. ಆಫೀಸಿನವರು ತಮ್ಮ ಮನೆಯವರಿಗೆ ಜಾಗ ಹಿಡಿಯುವ ಹಾಗಿಲ್ಲ, ಅದು ಮೇಡಂ ಅವರ ನಿಯಮ. ಫೋನುಗಳನ್ನೂ ಒಂದು ಪೆಟ್ಟಿಗೆಯಲ್ಲಿ ಹಾಕಿಸಿಕೊಂಡರು. ನಿಯಮ ಸರಿಯೇ. ಇವತ್ತು ಮಾತ್ರ ಸರಿ ಅನ್ನಿಸಲಿಲ್ಲ.

ಒಂಬತ್ತಕ್ಕೆ ವೆಬ್‌ಸೈಟಿನ ಬಾಗಿಲು ತೆರೆಯಿತು. ಎಷ್ಟು ಜನ ಬಂದರು ಎಂದು ಪರದೆಯಲ್ಲಿ ತೋರಿಸುವ ಗೆರೆ ನೆಟ್ಟಗೆ ಮೇಲಕ್ಕೆ ಹಾರಿತು. ಗಡ್ಡಪ್ಪ ಉಗುರು ಕಚ್ಚಲು ಶುರುಮಾಡಿದ. ಗೆರೆ ಏರಿತು, ಏರಿತು, ನಿಂತಿತು. ಸಾಲು ಬೆಳೆಯಿತು, ನಿಧಾನಕ್ಕೆ ಮುಂದೆ ಸರಿಯಿತು. ಯಾರೂ ಬಟನ್ನನ್ನು ಡೋರ್‌ಬೆಲ್ಲಿನ ಹಾಗೆ ಒತ್ತಲಿಲ್ಲ. ಜಾಗಗಳು ಒಂದೊಂದಾಗಿ ತುಂಬುತ್ತಾ ಬಂದವು. ಮೇಡಂ ಕುರ್ಚಿಯ ಹಿಂದೆ ನಿಂತು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ನಾನು ಉಸಿರು ಬಿಡಲಿಲ್ಲ. ಪರದೆಯಲ್ಲಿ ಯಾರ ಹೆಸರೂ ಕಾಣುವುದಿಲ್ಲ, ಯಾರು ಎಷ್ಟು ಹೊತ್ತಿನಿಂದ ಯಾವ ಪುಟದಲ್ಲಿದ್ದಾರೆ ಎಂದಷ್ಟೇ ಕಾಣುತ್ತದೆ. ಕೊನೆಯ ಪುಟದಲ್ಲಿ ಒಬ್ಬರು ನಿಂತುಬಿಟ್ಟಿದ್ದರು. ಎಲ್ಲ ತುಂಬಿಯಾಗಿದೆ, ದಿನ ಆರಿಸಿಯಾಗಿದೆ, ಉಳಿದಿರುವುದು ಆ ಹೊಸ ಪ್ರಶ್ನೆ ಮಾತ್ರ. ಹೌದು ಅಥವಾ ಇಲ್ಲ. ಒತ್ತುತ್ತಿಲ್ಲ. ಐದು ನಿಮಿಷ ಕಳೆಯಿತು, ಏಳಾಯಿತು. ಅದು ಅಕ್ಕನೇ ಎಂದು ನನಗೆ ಅನ್ನಿಸಿಬಿಟ್ಟಿತು. ಏನಾಯಿತು ಇವಳಿಗೆ, ಬಿದ್ದಳೇ? ಹತ್ತು ನಿಮಿಷಕ್ಕೆ ಜಾಗ ಕೈತಪ್ಪುತ್ತದೆ, ಹಿಂದೆ ಸಾವಿರ ಜನ ಕಾಯುತ್ತಿದ್ದಾರೆ. ಒತ್ತೇ ಮಾರಾಯ್ತಿ, ಎಂದು ಗಟ್ಟಿಯಾಗಿ ಅಂದುಬಿಟ್ಟೆ. ಗಡ್ಡಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟ, ಈ ಸಲ ಮೆತ್ತಗೆ.

ಒಂಬತ್ತನೇ ನಿಮಿಷ ಮುಗಿಯುತ್ತಾ ಬಂದಾಗ ಆ ಒಬ್ಬರು ಮುಂದೆ ಹೋದರು.

ಮುನ್ನೂರೂ ತುಂಬಿದವು, ವೆಬ್‌ಸೈಟ್ ಕೊನೆಯವರೆಗೂ ನಿಂತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಫೋನು ಪೆಟ್ಟಿಗೆಗೆ ಓಡಿದೆ. ಅಕ್ಕನಿಂದ ಸಾಲುಸಾಲು ಕರೆಗಳು ಬಂದಿದ್ದವು. ಮಾಡಿದೆ. ಏಪ್ರಿಲ್ ಹದಿನೈದು ಸಿಕ್ತು ಕಣೋ, ಎಂದಳು. ಹೋದ ಜೀವ ಬಂತು. ಮತ್ತೆ ಅಷ್ಟು ಹೊತ್ತು ಏನು ಮಾಡುತ್ತಿದ್ದೆ ಎಂದು ರೇಗಿದೆ. ಅವಳು ಪ್ರಶ್ನೆಯನ್ನು ಓದಿ ಹೇಳಿದಳು. ಆಪರೇಷನ್ ಆದ ಮೇಲೆ ಆರು ವಾರ ಮೆಟ್ಟಿಲು ಹತ್ತುವಂತಿಲ್ಲ, ಮೆಟ್ಟಿಲಿಲ್ಲದ ಮನೆಯಲ್ಲಿ ನಿಮ್ಮನ್ನು ನೋಡಿಕೊಳ್ಳುವವರು ಇದ್ದಾರೆಯೇ?

"ಹೌದು ಅಂತ ಒತ್ತೋಕೆ ನನ್ನ ಕೇಳ್ಬೇಕಿತ್ತಾ?" ಎಂದೆ.

"ಮನೆ ನಿಂದಲ್ವೇನೋ. ಆಪರೇಷನ್ ಆಗೋವರೆಗೆ ಅಂತ ತಾನೆ ನಾನು ಬಂದಿದ್ದು. ನಿನ್ನ ಕೇಳದೆ ಒತ್ತೋಕೆ ಕೈ ಬರ್ಲಿಲ್ಲ. ಇಲ್ಲ ಅಂತ ಒತ್ತಿ ಬಿಟ್ಟುಬಿಡೋಣ ಅಂತಲೂ ಅನ್ನಿಸ್ತು."

ಐದು ಸಾವಿರ ಬೊಂಬೆಗಳಿಗೆ ಹೌದು ಒತ್ತಿ ಎಂದು ಬರೆದವನು ನಾನು. ಮನೆಯಲ್ಲಿದ್ದ ಒಬ್ಬಳಿಗೆ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು. ಇನ್ನು ಮೇಲೆ ಹೀಗೆಲ್ಲಾ ಕೇಳಬೇಡ ಕಣಕ್ಕ, ಎಂದಷ್ಟೇ ಹೇಳಲು ಆಯಿತು. ಆಯ್ತು ಬಿಡೋ, ಬರುವಾಗ ಬಿಳಿ ದಾರದ ಉಂಡೆ ತಾ, ಎಂದಳು.

ಹೋಗಿ ಮುಖ ತೊಳೆದುಕೊಂಡು ಬಂದೆ. ದಿನವೆಲ್ಲ ಪರದೆ ನೋಡಿದ್ದಕ್ಕೆ ಕಣ್ಣು ಉರಿಯುತ್ತಿತ್ತು.

ಏಪ್ರಿಲ್ 15, ಮಂಗಳವಾರ

ಆಯಿತು. ಚೆನ್ನಾಗಿ ಆಯಿತು ಎಂದರು ಡಾಕ್ಟರು. ಎಚ್ಚರವಾದ ಕೂಡಲೇ ಅಕ್ಕ ನರ್ಸಮ್ಮನ ಕೋಟಿನ ತೋಳು ಉದ್ದವಾಯಿತು ಎಂದಳಂತೆ. ಅವಳಿಗೇನೂ ಆಗಿಲ್ಲ.

ಏಪ್ರಿಲ್ 18, ಶುಕ್ರವಾರ

ಮನೆಗೆ ಕರೆದುಕೊಂಡು ಬಂದೆ. ವ್ಯಾಯಾಮ ಹೇಳಿಕೊಡುವವರು ಬಂದು ನಡೆಸಿ ನೋಡಿದರು. ಭೇಷ್, ಆರು ವಾರದಲ್ಲಿ ನಿಮ್ಮ ಮನೆಗೆ ಹೋಗಬಹುದು ಎಂದು ಅಕ್ಕನಿಗೆ ಹೇಳಿದರು. ಆರೇ ವಾರವಾ, ಎಂದು ನಾನು ಕೇಳಿದೆ. ಅವರಿಬ್ಬರೂ ಯಾಕೆ ಹಾಗೆ ನನ್ನ ಮುಖ ನೋಡಿದರೋ ಗೊತ್ತಾಗಲಿಲ್ಲ. ಆತುರ ಒಳ್ಳೆಯದಲ್ಲ ಎಂಬ ಅರ್ಥದಲ್ಲಿ ಕೇಳಿದ್ದು.

ಮೇ 7, ಬುಧವಾರ

ಆಸ್ಪತ್ರೆಯವರು ನಮಗೆ ಇನ್ನೂ ಎರಡು ವರ್ಷದ ಕೆಲಸ ಕೊಟ್ಟರು. ಮೇಡಂ ಈಗ ಪ್ರತಿ ಪರೀಕ್ಷೆಗೂ ಮೊದಲು ಅಕ್ಕ ಏನಂತಾರೆ ಎಂದು ಕೇಳುತ್ತಾರೆ. ಗಡ್ಡಪ್ಪ ಭಾನುವಾರ ಪ್ಯಾಂಟು ಗಿಡ್ಡ ಮಾಡಿಸಿಕೊಳ್ಳುವ ನೆಪದಲ್ಲಿ ಮನೆಗೆ ಬಂದಿದ್ದ, ಕತ್ತಲಾದರೂ ಹೋಗಲಿಲ್ಲ. ಮನೆಯೋ ಸಂತೆಯೋ ಗೊತ್ತಾಗುವುದಿಲ್ಲ. ಟವೆಲುಗಳು ಈಗಿರುವ ಕಪಾಟೇ ಅನುಕೂಲ, ಹೇಳಿಬಿಟ್ಟರೆ ಅವಳು ಹಿಗ್ಗಿಹೋಗುತ್ತಾಳೆ.

ಜೂನ್ 1, ಭಾನುವಾರ

ಇವತ್ತು ಅಕ್ಕ ತನ್ನ ಮನೆಗೆ ಹೋದಳು. ಬೆಳಿಗ್ಗೆ ತಿಂಡಿ ತಿನ್ನುವಾಗ, ಇಲ್ಲೇ ಇರು ಕಣಕ್ಕ, ನನಗೆ ನೀನಿದ್ದರೆ ಚೆನ್ನಾಗಿರುತ್ತೆ ಎಂದು ಹೇಳಿಯೇಬಿಟ್ಟೆ. ಅವಳು ನನ್ನ ಕೈ ಹಿಡಿದುಕೊಂಡು, ಗೊತ್ತು ಕಣೋ, ಆದರೆ ಕಾಲು ಮಾಡಿಸಿಕೊಂಡಿದ್ದು ಮೆಷಿನ್ ತುಳಿಯುವುದಕ್ಕೆ ತಾನೆ ಎಂದಳು. ಭಾನುವಾರ ಭಾನುವಾರ ಬರಬೇಕು ಎಂದು ಅಪ್ಪಣೆ ಮಾಡಿದಳು.

ಎರಡು ಸೂಟ್‌ಕೇಸೂ ಗಂಟೂ ನಾನೇ ಹೊತ್ತೆ. ಊರುಗೋಲು ಅವಳಿಗೆ ಬೇಕಾಗಲಿಲ್ಲ, ಅದನ್ನೂ ನನ್ನ ಕಂಕುಳಿಗೆ ಸಿಕ್ಕಿಸಿದಳು. ಅವಳು ಮುಂದೆ, ನಾನು ಹಿಂದೆ. ಮೊದಲನೇ ಮಹಡಿಯವರೆಗೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು, ಆಮೇಲೆ ಕಂಬಿ ಬಿಟ್ಟಳು. ನಾನು ಎರಡನೇ ಮಹಡಿಗೇ ಏದುಸಿರು ಬಿಡುತ್ತಾ ಸೂಟ್‌ಕೇಸ್ ಕೆಳಗಿಟ್ಟೆ. ದಿನವಿಡೀ ಕುಳಿತು ಸುಳ್ಳು ಜನರನ್ನು ಓಡಿಸುವವನ ಕಾಲಿಗೆ ಎಲ್ಲಿಂದ ಬರಬೇಕು ಶಕ್ತಿ? ತಲೆ ಎತ್ತಿ ನೋಡಿದೆ. ಅವಳು ಮೇಲಿನ ತಿರುವಿನಲ್ಲಿ ಎರಡೂ ಕಾಲಮೇಲೆ ನೆಟ್ಟಗೆ ನಿಂತು ನನ್ನನ್ನೇ ನೋಡುತ್ತಿದ್ದಳು.

"ನಿಧಾನಕ್ಕೆ ಬಾರೋ," ಎಂದಳು. "ನಾನು ಕಾಯ್ತೀನಿ."

ಕಾದಳು.